ಬಿಸಿ ಬಾನೆಟ್

ಇಳಕಲ್ಲ

ಅಫ್ಸರ ಭಾಯಿಗೆ ನರ್ಗೀಸಳ ಸಲಾಮು.

ನಿನ್ನ ಗೆಳೆಯನ ಕಾರಿನ ಮೇಲೆ ಸಂಶಯದ ಮಾತು ಮೊದಲು ತೆಗೆದವರು ನಮ್ಮ ಅತ್ತೆ ಕಾಸಿಂಬಿ, ಕಳೆದ ಶುಕ್ರವಾರ ಊಟದ ಹೊತ್ತಿಗೆ. ಹುನಗುಂದದ ಕೆಂಪು ಕಾರು ಕೊಳ್ಳುವುದೋ, ಅಮೀನಗಡದ ನಿನ್ನ ಗೆಳೆಯನ ಬಿಳಿ ಕಾರೋ ಎಂದು ವಾದ ನಡೆದಿತ್ತು. ಎರಡೂ ಸಣ್ಣವು, ಹಳೆಯವು, ನಮ್ಮ ಕೈಗೆಟಕುವಂಥವು. ನಾದಿನಿ ಯಾಸ್ಮೀನಳಿಗೆ ಯಾವ ಹೊತ್ತಿನಲ್ಲಿ ಹೆರಿಗೆ ನೋವು ಬಂದರೂ ಬಾಗಲಕೋಟೆಗೆ ಹೊರಡಬೇಕು.

"ಬಿಳಿ ಗಾಡಿ ನೋಡಾಕ ಹೋದಾಗೆಲ್ಲ ಬಾನೆಟ್ ಮುಟ್ಟೇನಿ. ರೊಟ್ಟಿ ಹಂಚಿನಂಗ ಕಾದಿರತೈತಿ, ಮೊದಲ ಚಾಲೂ ಮಾಡಿ ಇಟ್ಟಿರತಾನ. ನಾವು ಬರೂದು ಅವಗ ಯಾರು ಹೇಳ್ತಾರ?" ಎಂದರು ಅತ್ತೆ.

"ಅಮ್ಮಾ, ನಿನಗ ಹಾಲಿನ ಮ್ಯಾಲೂ ಸಂಶಯ!" ಎಂದು ಇವರು ನಕ್ಕರು.

ನಾನು ನಗಲಿಲ್ಲ. ಪ್ರತಿ ಸಲ ಹೊರಡುವ ಮುಂಚೆ ನಿನಗೆ ಫೋನ್ ಮಾಡುತ್ತಿದ್ದವಳು ನಾನೇ.

ಮರುದಿನ ಬೆಳಿಗ್ಗೆ ಯಾರಿಗೂ ತಿಳಿಸದೆ ಅತ್ತೆ, ಇವರು, ನಾನು ಮೂವರೂ ಮೊದಲ ಬಸ್ಸಿಗೆ ಅಮೀನಗಡಕ್ಕೆ ಹೋದೆವು. ಬಾನೆಟ್ ತಣ್ಣಗಿತ್ತು. ನಿನ್ನ ಗೆಳೆಯ ಎಷ್ಟು ಸಲ ಕೀಲಿ ತಿರುವಿದರೂ ಗಾಡಿ ಕೆಮ್ಮಿತೇ ಹೊರತು ಚಾಲೂ ಆಗಲಿಲ್ಲ. "ಸ್ವಲ್ಪ ನೂಕ್ರಿ" ಎಂದ. ಅತ್ತೆ ನಮ್ಮನ್ನು ಹುನಗುಂದದ ಬಸ್ಸಿಗೆ ಹತ್ತಿಸಿದರು. ಸಂಜೆ ಕೆಂಪು ಕಾರಿನಲ್ಲೇ ಮನೆಗೆ ಬಂದೆವು.

ಯಾಸ್ಮೀನಳನ್ನು ನೋಡಲು ಬಾ. ನಾನು ನಿನಗೆ ಫೋನ್ ಮಾಡುತ್ತಿದ್ದುದನ್ನು ಮಾತ್ರ ಅತ್ತೆಯ ಮುಂದೆ ಹೇಳಬೇಡ.

ನಿನ್ನ ತಂಗಿ,
ನರ್ಗೀಸ