ಹದಿನಾಲ್ಕು ಕಿಲೋ ಮರಳು

ಮನೆ, ಊಟದ ಮೇಜು
ಭಾನುವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಬೆನ್ನುನೋವು ಹೇಗಿದೆ? ಪುಟ್ಟಿಯ ಕೆಮ್ಮು ನಿಂತಿತೇ? ಅಳಿಯಂದಿರು ಕ್ಷೇಮ ತಾನೇ? ಇಲ್ಲಿ ನಿಮ್ಮಮ್ಮ ಆರೋಗ್ಯವಾಗಿದ್ದಾಳೆ. ಕೇಳಬೇಕಾದದ್ದನ್ನೆಲ್ಲ ಕೇಳಿಯಾಯಿತು, ಇನ್ನು ಜಗಳಕ್ಕೆ ಬರುತ್ತೇನೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಅಪ್ಪಾ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀ. ಕಾಗದದಲ್ಲಿ ಆ ಅನುಕೂಲ ಇಲ್ಲ. ಕೊನೆಯವರೆಗೂ ಓದು.

"ಪುಟ್ಟಿಗೆ ಸರಿಯಾದ ಸೀಟಿಲ್ಲ ಅಂದ್ರೆ ನಿಮ್ಮ ಕಾರು ಹತ್ತಲ್ಲ, ರೈಲಿಳಿದು ಬಸ್ಸಲ್ಲೇ ಬರ್ತೀವಿ" ಅಂದೆಯಲ್ಲ, ಆ ಮಾತನ್ನು ಯಾರಿಗೆ ಹೇಳಿದೆ ಅನ್ನುವ ಪ್ರಜ್ಞೆಯಾದರೂ ಇತ್ತೇ? ಮೂವತ್ತೊಂದು ವರ್ಷ ಟ್ಯಾಕ್ಸಿ ಓಡಿಸಿದವನಿಗೆ ಹೇಳಿದೆ. ಹೆರಿಗೆನೋವು ಬಂದವರನ್ನು ಆಸ್ಪತ್ರೆಗೆ, ವಿಮಾನ ತಪ್ಪಿಹೋಗುತ್ತದೆ ಎಂದು ಅಳುವವರನ್ನು ನಿಲ್ದಾಣಕ್ಕೆ, ಕುಡಿದು ವಿಳಾಸ ಮರೆತವರನ್ನು ಅವರವರ ಮನೆ ಬಾಗಿಲಿಗೆ ಮುಟ್ಟಿಸಿದವನಿಗೆ. ಸ್ಟ್ಯಾಂಡಿನಲ್ಲಿ ಹೊಸಬರು ಬಂದರೆ ನನ್ನ ಪಕ್ಕ ಕೂರಿಸಿ ಕಲಿಸುತ್ತಾರೆ. ಅಂಥವನನ್ನು ನೀನು ಯಾವನೋ ಗುರುತಿಲ್ಲದ ಬಸ್ ಡ್ರೈವರನಿಗಿಂತ ಕಡೆ ಮಾಡಿದೆ. ಮೂರು ದಿನ ನನಗೆ ಊಟ ಸೇರಲಿಲ್ಲ. ಸೇರಲಿಲ್ಲ ಅಂದರೆ ತಿಂದೆ, ಆದರೆ ಗೊಣಗುತ್ತಾ ತಿಂದೆ.

ಅಷ್ಟರಲ್ಲಿ ಅಳಿಯಂದಿರ ಪೊಟ್ಟಣ ಬಂತು. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಲಿಪ್ಪು. ದೊಡ್ಡವರ ಬೆಲ್ಟನ್ನು ಮಗುವಿನ ಕತ್ತಿನಿಂದ ಕೆಳಗೆ ಎಳೆದು ಹಿಡಿಯುತ್ತದಂತೆ. "ಜೇಬಲ್ಲೇ ಇಟ್ಕೋಬಹುದು ಮಾವ" ಅಂತ ಚೀಟಿ ಬೇರೆ. ಪುಟ್ಟಿಯ ಎತ್ತರಕ್ಕೆ ದಿಂಬು ಕೂರಿಸಿ, ಹಾಕಿ ನೋಡಿದೆ. ಮೇಲಿನ ಪಟ್ಟಿ ಕೆಳಗಿಳಿಯಿತು, ಸರಿ, ಆದರೆ ತೊಡೆಯ ಮೇಲಿರಬೇಕಾದ ಪಟ್ಟಿ ಹೊಟ್ಟೆಗೆ ಏರಿತು. ಬ್ರೇಕು ಬಿದ್ದರೆ ಮಗುವಿನ ಕರುಳಿನ ಗತಿ ಏನು? ಆ ವಸ್ತು ಜೇಬಲ್ಲಿ ಇಟ್ಟುಕೊಳ್ಳಲಿಕ್ಕೇ ಲಾಯಕ್ಕು, ಹೇಳು ಅವರಿಗೆ. ನನ್ನ ನಮಸ್ಕಾರವನ್ನೂ ಹೇಳು.

ಆಮೇಲೆ ಅಂಗಡಿಗೆ ಹೋದೆ. ಪ್ರಯಾಣಕ್ಕೆ ಮಡಚಿ ಒಯ್ಯುವಂಥದ್ದು ಬೇಕು, ನಾಳೆ ನೀವು ಎಲ್ಲಿಗೆ ಹೋದರೂ ಜೊತೆಗೆ ಬರಬೇಕು ಅಂದೆ. ಅಂಗಡಿಯವನು ತಲೆಯೆತ್ತದೆ "ಎಲ್ಲಾ ಒಂದೇ ಸಾರ್, ಕಲರ್ ನೋಡಿ ತಗೊಳ್ಳಿ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಮೊದಲು ನನ್ನ ಕೈಗಿಟ್ಟದ್ದು ಮಗುವನ್ನು ಎತ್ತರಕ್ಕೆ ಕೂರಿಸುವ, ಗಾಳಿ ತುಂಬುವ ದಿಂಬು. ನಾಲ್ಕು ವರ್ಷ ದಾಟಿರಬೇಕು, ಹದಿನೆಂಟು ಕಿಲೋ ಇರಬೇಕು ಅಂತ ಅದರ ಡಬ್ಬಿಯ ಮೇಲೇ ಬರೆದಿತ್ತು. ಪುಟ್ಟಿಗೆ ಮೂರೂವರೆ, ತೂಕ ಹದಿನಾಲ್ಕು. ತಾನು ಮಾರುವುದರ ಡಬ್ಬಿಯನ್ನೂ ಓದದವನು ಅಂಗಡಿ ಯಾಕೆ ತೆರೆಯಬೇಕು? ಎರಡನೆಯದು ಅಂಗಿಯ ಹಾಗೆ ತೊಡಿಸುವ ಜಾಕೆಟ್ಟು, ಕಾರಿನ ಬೆಲ್ಟನ್ನು ಅದರೊಳಗಿಂದ ತೂರಿಸಬೇಕು. ಅದರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಕೆಲಸಗಾರಿಕೆ. ಆದರೆ ಅದನ್ನು ಹಿಂದಕ್ಕೆ ಬಿಗಿಯಲು ಬೇಕಾದ ಕೊಂಡಿ ನನ್ನ ಹಳೇ ಕಾರಿನಲ್ಲಿಲ್ಲ. ಮೇಲಾಗಿ ನಿನ್ನ ಮಗಳು ಗಾಡಿ ಹೊರಟ ಹತ್ತು ನಿಮಿಷಕ್ಕೆ ನಿದ್ದೆ ಹೋಗುವವಳು, ಕತ್ತು ವಾಲಿದರೆ ಆನಿಸಲು ಜಾಕೆಟ್ಟಿಗೆ ಪಕ್ಕಗಳಿಲ್ಲ. ಮೂರನೆಯದು ಮಡಚುವ ಸೀಟು. ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ, ಹೀಗೆ ಅದಕ್ಕೇ ಸ್ವಂತ ಪಟ್ಟಿಗಳು. ಕಾರಿನ ಬೆಲ್ಟಿನಲ್ಲೇ ಕಟ್ಟಬಹುದು. ಬಿಚ್ಚಿ ಮಡಚಿದರೆ ಬೆನ್ನಿಗೆ ಹಾಕುವ ಚೀಲದಲ್ಲಿ ಕೂರುತ್ತದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅದರ ಪುಸ್ತಕವನ್ನು ಮೂರು ಸಲ ಓದಿದೆ. ಅಂಗಡಿಯವನು ಆಕಳಿಸಿದ.

ಕೊಂಡೆ ಅಂದುಕೊಂಡೆಯಾ? ಇಲ್ಲ. ಬರಿಗೈಯಲ್ಲಿ ಬಂದೆ. ಯಾಕೆಂದರೆ ಅಷ್ಟೆಲ್ಲ ಓದಿದರೂ ನಿನ್ನ ಮಾತೇ ತಪ್ಪು ಅನ್ನಿಸುತ್ತಿತ್ತು. ನಿಮ್ಮಮ್ಮನೂ ಅದನ್ನೇ ಅಂದಳು: "ಇಷ್ಟೆಲ್ಲಾ ಯಾಕ್ರೀ? ತೊಡೆ ಮೇಲೆ ಕೂರಿಸ್ಕೊಂಡ್ರೆ ಆಯ್ತು. ನಮ್ಮ ಮಗಳನ್ನ ಹಾಗೇ ಬೆಳೆಸಲಿಲ್ವಾ ನಾವು?" ಸರಿ, ನಿನ್ನ ಮಾತು ತಪ್ಪು ಅಂತ ತೋರಿಸಿಯೇ ಬಿಡೋಣ ಅಂತ ಹೊರಟೆ. ಒಂದು ಚೀಲಕ್ಕೆ ಮರಳು ತುಂಬಿ, ತರಕಾರಿಯವನ ತಕ್ಕಡಿಯಲ್ಲಿ ಹದಿನಾಲ್ಕು ಕಿಲೋ ಸರಿಯಾಗಿ ತೂಗಿಸಿದೆ. ನಿಮ್ಮಮ್ಮ ಅದಕ್ಕೆ ಪುಟ್ಟಿ ಬಿಟ್ಟುಹೋದ ಹಳೇ ಸ್ವೆಟರ್ ತೊಡಿಸಿದಳು, ನಗುತ್ತಾ. ಬೆಳಿಗ್ಗೆ ಖಾಲಿ ಬಿದ್ದಿರುವ ಸಂತೆ ಮೈದಾನಕ್ಕೆ ಹೋದೆವು. ಅವಳು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂತು, ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಬ್ರೇಕು ಹಾಕುವ ಮೊದಲು ಕೂಗಿ ಹೇಳಿದೆ ಕೂಡ. ವೇಗ ಎಷ್ಟು ಗೊತ್ತಾ? ಸೈಕಲ್ಲಿನವರು ಹಿಂದೆ ಹಾಕುವಷ್ಟು.

ಚೀಲ ಅವಳ ಕೈಯಿಂದ ಹಾರಿ ನನ್ನ ಸೀಟಿನ ಬೆನ್ನಿಗೆ ಬಡಿದು ಕೆಳಗೆ ಬಿತ್ತು. ಹೊಲಿಗೆ ಬಿಚ್ಚಿ ಕಾರಿನ ತುಂಬ ಮರಳು. ನಿಮ್ಮಮ್ಮ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. "ಗಟ್ಟಿಯಾಗೇ ಹಿಡ್ಕೊಂಡಿದ್ದೆ ಕಣ್ರೀ," ಅಂದಳು. ಮನೆ ತಲುಪುವವರೆಗೆ ಅದನ್ನೇ ನಾಲ್ಕೈದು ಸಲ ಅಂದಳು. ಅವಳು ಅದೇ ಕೈಗಳಲ್ಲಿ ನಿನ್ನನ್ನು ಏಳು ವರ್ಷ ತಬ್ಬಿಕೊಂಡು ಕೂತಿದ್ದಳು, ಓಡಿಸುತ್ತಿದ್ದವನು ನಾನು. ಎಂಥೆಂಥ ರಸ್ತೆಗಳಲ್ಲಿ, ಎಂಥ ವೇಗದಲ್ಲಿ! ಆ ಮೈದಾನದಲ್ಲಿ ನನಗೆ ಬಂದ ಸಿಟ್ಟು ನಿನ್ನ ಮೇಲಲ್ಲ, ಅಂಗಡಿಯವನ ಮೇಲೂ ಅಲ್ಲ. ನಾನು ಜಾಣ ಅಂದುಕೊಂಡಿದ್ದೆ, ಬರೀ ಅದೃಷ್ಟವಂತನಾಗಿದ್ದೆ. ಇದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದೂ ಬೇಡ.

ಮಾರನೇ ದಿನ ಮಡಚುವ ಸೀಟು ತಂದೆ. ಮೊಣಕಾಲೂರಿ ಒತ್ತಿ ಕಟ್ಟಿದ್ದೇನೆ, ಅಲ್ಲಾಡಿಸಿದರೆ ಕಾರೇ ಅಲ್ಲಾಡುತ್ತದೆ. ಪುಟ್ಟಿಯನ್ನು ಕೂರಿಸುವಾಗ ದಪ್ಪ ಕೋಟು ತೆಗೆದಿರಬೇಕು. ಹೆಗಲಿನ ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. "ಪಾಪ, ಬಿಗಿಯಾಯ್ತು" ಅಂತ ಯಾರೂ ಸಡಿಲ ಮಾಡಕೂಡದು, ಅವಳ ಅಜ್ಜಿಯೂ. ಈಗ ಅಜ್ಜಿ ಹಾಗೆ ಅನ್ನುವುದಿಲ್ಲ ಬಿಡು. ಇನ್ನು ಮೇಲೆ ಬಸ್ಸು ಗಿಸ್ಸು ಅಂತ ನನ್ನ ಮುಂದೆ ಹೇಳಬೇಡ. ನೀನು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಿಲ್ಲ. ಆ ಸಿಟ್ಟು ಇನ್ನೂ ಇದೆ, ನೀವು ಬರುವವರೆಗೂ ಇರುತ್ತದೆ.

ಮೂವರೂ ನೂರು ಕಾಲ ಸುಖವಾಗಿ ಬಾಳಿ. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು.

ಇಂತಿ ನಿನ್ನ ಸಿಡುಕ,
ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ನೀವು ಬರುವ ಇಪ್ಪತ್ತೆರಡನೇ ತಾರೀಕು ಕಾರು ಓಡಿಸುವವನು ನಾನಲ್ಲ. ಹೋದ ಬುಧವಾರ ಶಾಲೆಯ ತಿರುವಿನಲ್ಲಿ ಎಡಗಡೆಯಿಂದ ಒಬ್ಬಳು ಹುಡುಗಿ ರಸ್ತೆ ದಾಟುತ್ತಿದ್ದಳು. ನನಗೆ ಕಾಣಿಸಲೇ ಇಲ್ಲ. ಹಿಂದೆ ಕೂತಿದ್ದವರು ಕಿರುಚಿದ್ದಕ್ಕೆ ಬ್ರೇಕು ಹಾಕಿದೆ. ಅವಳಿಗೆ ಏನೂ ಆಗಲಿಲ್ಲ, ಒಂದು ಗೇಣು ಉಳಿದಿತ್ತು. ಮಾರನೇ ದಿನ ಕಣ್ಣಿನ ಡಾಕ್ಟರು ನನ್ನ ಬಲಗಣ್ಣು ಮುಚ್ಚಿ "ಬೋರ್ಡ್ ಓದಿ" ಅಂದರು. "ಯಾವ ಬೋರ್ಡು?" ಅಂತ ಕೇಳಿದೆ. ಶುಕ್ರವಾರ ಲೈಸೆನ್ಸ್ ವಾಪಸು ಕೊಟ್ಟು ಬಂದೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಸ್ಟ್ಯಾಂಡಿನ ಗೆಳೆಯನೊಬ್ಬ ಕಾರನ್ನು ರೈಲು ನಿಲ್ದಾಣಕ್ಕೆ ತಂದು ನಿಲ್ಲಿಸುತ್ತಾನೆ. ಅಲ್ಲಿಂದ ಮನೆಗೆ ನೀನೇ ಓಡಿಸು, ಕಲಿಸಿದವನು ನಾನೇ ಅಲ್ಲವೇ. ನಾನು ಹಿಂದೆ ಪುಟ್ಟಿಯ ಪಕ್ಕ ಕೂರುತ್ತೇನೆ. ತಾತ ಯಾಕೆ ಓಡಿಸ್ತಿಲ್ಲ ಅಂತ ಅವಳು ಕೇಳಿದರೆ, ನಿನ್ನ ಜೊತೆ ಕೂರೋ ಆಸೆಯಂತೆ ಅನ್ನು. ಅದು ಸುಳ್ಳಲ್ಲ.