ಗೀಚದೆ ಉಳಿದ ತಗಡು

ಲೋ ಅಲೆಮಾರಿ,

ಸತ್ತ ಮೇಲೂ ನನ್ನ ಹೊಟ್ಟೆ ಉರಿಸುವುದನ್ನು ನೀನು ಬಿಟ್ಟಿಲ್ಲ. ಇವತ್ತು ಮ್ಯೂಸಿಯಮ್ಮಿನವರು ಬಂದಿದ್ದರು.

"ಆ ಕಿಟಕಿ ಚಿತ್ರದ ತಾಮ್ರದ ತಗಡು ಏನಾಯ್ತು ಸಾರ್?"

ಇಪ್ಪತ್ತು ಪ್ರತಿಯಾದ ಮೇಲೆ, ಮತ್ತೆ ಯಾರೂ ಅಚ್ಚು ತೆಗೆಯದಂತೆ ಗೀಚಿ ಕೆಡಿಸು ಎಂದು ನನಗೆ ಹೇಳಿ ಹಡಗು ಹತ್ತಿದ್ದೆಯಲ್ಲ, ನೀನು ಚಿತ್ರ ಕೊರೆದ ಅದೇ ತಗಡು.

"ಅವತ್ತೇ ಗೀಚಿಬಿಟ್ಟೆ" ಎಂದು ಸುಳ್ಳು ಹೇಳಿ ಕಳಿಸಿದೆ.

ಅವರು ಹೋದ ಮೇಲೆ ತಗಡಿಗೆ ಮಸಿ ಹಚ್ಚಿ ಒಂದು ಪ್ರತಿ ತೆಗೆದೆ. ದೇಶ ದೇಶ ಸುತ್ತಿದವನು ನೀನು. ಚಿತ್ರದಲ್ಲಿರುವುದು ಮಾತ್ರ ಮೂವತ್ತು ವರ್ಷದಿಂದ ನಾನು ಪ್ರೆಸ್ಸಿನ ಚಕ್ರ ತಿರುಗಿಸುತ್ತ ನೋಡುತ್ತಿರುವ ಇದೇ ಕಿಟಕಿ. ನನ್ನ ಕಣ್ಣಿಗೆ ಅದು ಒಂದು ದಿನವೂ ಹಾಗೆ ಕಾಣಲಿಲ್ಲ. ಕೆಳಗೆ, ನೀನು ರುಜು ಹಾಕುತ್ತಿದ್ದ ಜಾಗದಲ್ಲಿ, ಪೆನ್ಸಿಲಿನಲ್ಲಿ ನನ್ನ ರುಜು ಹಾಕಿದೆ. ಚೆನ್ನಾಗಿಯೇ ಒಪ್ಪಿತು.

ಆಮೇಲೆ ಅಳಿಸಿದೆ. ತಗಡು ಗೀಚಲು ಮೊಳೆ ಎತ್ತಿಕೊಂಡೆ. ಇವತ್ತೂ ಕೈ ಬರಲಿಲ್ಲ ಕಣೋ.