ಮಂಗಳವಾರದ ರೈಲಿಗೆ ಬರುವ ಅಣ್ಣನಿಗೆ

ಮೆಟುಚೆನ್
೨೪ ನವೆಂಬರ್ ೨೦೨೫, ಸೋಮವಾರ ಸಂಜೆ

ದಿವಾಕರಣ್ಣನಿಗೆ ತಂಗಿ ಸುಂದರಿಯ ನಮಸ್ಕಾರ. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳಿದ ಹಾಗೆ ನಟಿಸುವುದೂ ಬೇಡ.

ಈ ಕಾಗದ ನಿನ್ನ ಕೈಗೆ ಬರುವಾಗ ಮಂಗಳವಾರ ಬೆಳಿಗ್ಗೆಯಾಗಿರುತ್ತದೆ. ಬಾಸ್ಟನ್ನಿನಿಂದ ನಾಲ್ಕೂಕಾಲು ಗಂಟೆಯಲ್ಲಿ ಮೆಟ್ರೋಪಾರ್ಕ್ ಸ್ಟೇಷನ್ನಿಗೆ ಬಂದಿಳಿದಿರುತ್ತೀಯ. ನನ್ನ ಮಗ ಸಮರ್ಥ ಕಾರಿನಲ್ಲಿ ಕೂರಿಸಿಕೊಂಡು ಇದನ್ನು ಕೊಡುತ್ತಾನೆ. ಅಮ್ಮನ ವರ್ಷದ ತಿಥಿ ಮಾಡಬೇಕೆಂದು ನೀನು ಹಿಂದಿನ ದಿನ ಒಪ್ಪೊತ್ತು ಮಾಡಿ, ಬ್ಯಾಗಿನಲ್ಲಿ ಪಂಚೆ ಇಟ್ಟುಕೊಂಡು ಬಂದಿರುತ್ತೀಯ. ತಿಥಿ ಮುಗಿದಿದೆ ಅಣ್ಣ. ಇವತ್ತು ಮಧ್ಯಾಹ್ನ ಸಮರ್ಥನೇ ಮಾಡಿದ. ಮಗಳ ಮಗನಿಗೂ ಅಧಿಕಾರ ಉಂಟು ಎಂದರು ಪುರೋಹಿತರು.

ನಿನ್ನ ಅಡುಗೆಮನೆಯಲ್ಲಿ ತೂಗುವುದು ಬೆಂಗಳೂರಿನ ಕ್ಯಾಲೆಂಡರ್. ಮಾರ್ಗಶಿರ ಶುದ್ಧ ಪಂಚಮಿ ಅಲ್ಲಿ ಮಂಗಳವಾರ. ನಾವಿರುವುದು ಹತ್ತೂವರೆ ಗಂಟೆ ಹಿಂದೆ. ಶ್ರಾದ್ಧ ಮಾಡುವ ಅಪರಾಹ್ನದ ಹೊತ್ತಿಗೆ ಇಲ್ಲಿ ಪಂಚಮಿ ಸಿಗುವುದು ಸೋಮವಾರ ಮಾತ್ರ. ಮೂವತ್ತು ವರ್ಷ ಅಮೆರಿಕದಲ್ಲಿದ್ದವನಿಗೆ ಇದು ಹೊಳೆಯಲಿಲ್ಲ. ಬಾಸ್ಟನ್ನಿನಲ್ಲಿ ಗುರುತಿನ ಪುರೋಹಿತರಿಲ್ಲ, ನಿನ್ನ ಮನೆ ಹತ್ತಿರ ಎಡಿಸನ್ನಿನಲ್ಲೇ ಏರ್ಪಾಡು ಮಾಡು, ಮಂಗಳವಾರ ಬರುತ್ತೇನೆ ಎಂದು ಅಪ್ಪಣೆ ಕೊಡಿಸಿದೆ. ನಾನು ಆಯಿತಣ್ಣ ಎಂದೆ. ನೀನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ನಡೆದದ್ದು ಇಷ್ಟೇ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ನಿನ್ನ ಬಳಿಯೇ ಇದೆ. ಹೋದ ವರ್ಷ ಡಿಸೆಂಬರ್ ಮೂರು, ಮಂಗಳವಾರ. ಅಮ್ಮ ನಿನ್ನೂರಿನ ಆಸ್ಪತ್ರೆಯಲ್ಲಿದ್ದರು. ನಾನು ಫಾಸ್ಟ್ ಟ್ರೈನಿಗೆ ಟಿಕೆಟ್ ಬುಕ್ ಮಾಡಿ, ಸ್ವೆಟರ್ ಹಾಕಿಕೊಂಡು ನಿಂತೇ ನಿನಗೆ ಫೋನ್ ಮಾಡಿದೆ. ನೀನು, ಅದು ಹೆಸರಿಗೆ ಮಾತ್ರ ಫಾಸ್ಟು, ಹಳಿ ರಿಪೇರಿ ನಡೀತಿದೆ, ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ತೀಯ, ಅಮ್ಮನಿಗೆ ಬರೀ ಇನ್‌ಫೆಕ್ಷನ್ನು, ಶನಿವಾರ ಡ್ರೈವ್ ಮಾಡಿಕೊಂಡು ಬಾ ಎಂದೆ. ರೈಲು ಮಾರ್ಗಗಳನ್ನು ಡಿಸೈನ್ ಮಾಡುವ ಅಣ್ಣನ ಮಾತು. ನಾನು ಟಿಕೆಟ್ ಕ್ಯಾನ್ಸಲ್ ಮಾಡಿದೆ. ಗುರುವಾರ ಬೆಳಿಗ್ಗೆ ಅಮ್ಮ ಹೋದರು.

ಯುಗಾದಿಗೆ ನಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿದ್ದಾಗ ನೀನು ಒಬ್ಬಟ್ಟು ಮೆಲ್ಲುತ್ತ ಅದೇ ಫಾಸ್ಟ್ ಟ್ರೈನಿಗೆ ಬುಲೆಟ್ ಟ್ರೈನ್ ಎಂದು ಹೆಸರಿಟ್ಟು ಗುಣಗಾನಕ್ಕೆ ಶುರುಮಾಡಿದೆ. ಜಪಾನಿನವರು ಕೇಳಿದ್ದರೆ ಅದಕ್ಕೆ ಬುಲೆಟ್ ಎನ್ನುತ್ತೀರಾ ಎಂದು ನಗುತ್ತಿದ್ದರು. ಏರ್‌ಪೋರ್ಟಿನ ತಾಪತ್ರಯವಿಲ್ಲ, ದೂರದೂರಿಗೆ ಇದೇ ಸರಿ ಎಂದೆ. ಡಿಸೆಂಬರ್ ನಾಲ್ಕಕ್ಕೆ ನ್ಯೂಯಾರ್ಕಿನಲ್ಲಿ ನಿನ್ನ ಪ್ರೆಸೆಂಟೇಷನ್ ಇತ್ತಂತೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ವಾಪಸ್ಸಂತೆ. ಒಂದು ನಿಮಿಷ ಲೇಟಿಲ್ಲವಂತೆ. ನನ್ನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. ತಾರೀಖು ಹೇಳಿದ್ದು ನಿನಗೆ ಗೊತ್ತೇ ಆಗಲಿಲ್ಲ.

ಆಮೇಲೆ ಸ್ಮಿತಾ ಅತ್ತಿಗೆಯನ್ನು ಪಕ್ಕಕ್ಕೆ ಕರೆದು ಕೇಳಿದೆ. ನಿನ್ನ ಹೆಂಡತಿ ಸುಳ್ಳಾಡುವವರಲ್ಲ. ಎರಡು ದಿನ ಕಳೆದರೆ ಹೆಚ್ಚು ಎಂದು ಡಾಕ್ಟರು ಮಂಗಳವಾರವೇ ಹೇಳಿದ್ದರಂತೆ. ನಾನು ಬಂದರೆ ಅತ್ತು ರಂಪ ಮಾಡಿ ನಿನ್ನನ್ನು ನ್ಯೂಯಾರ್ಕಿಗೆ ಹೋಗಲು ಬಿಡುವುದಿಲ್ಲ ಎಂದು ನಿನಗೆ ಭಯವಿತ್ತಂತೆ. ಬುಧವಾರ ಇಡೀ ದಿನ ಅಮ್ಮ ಬಾಗಿಲ ಕಡೆ ನೋಡಿಕೊಂಡು ಸುಂದರಿ ಎಲ್ಲಿಗೆ ಬಂದಳು ಎಂದು ಕೇಳುತ್ತಿದ್ದರಂತೆ. ಅಷ್ಟು ಹೊತ್ತಿಗೆ ನಾನು ಇಲ್ಲಿ ಶನಿವಾರ ಕೊಂಡೊಯ್ಯಲು ಅವರಿಗೆ ಮೆತ್ತನೆಯ ಅವಲಕ್ಕಿ ಹುಡುಕಿಕೊಂಡು ಓಕ್ ಟ್ರೀ ರೋಡಿನ ಅಂಗಡಿ ಅಂಗಡಿ ಸುತ್ತುತ್ತಿದ್ದೆ.

ನೆಂಟರ ವಾಟ್ಸಾಪ್ ಗುಂಪಿನಲ್ಲಿ ನೀನು ಬರೆದದ್ದು ಓದಿದ್ದೇನೆ. ವರ್ಷದ ತಿಥಿ ಸ್ವಂತ ಕೈಯಿಂದ ಮಾಡಿದರೆ ಮನಸ್ಸಿಗೆ ನೆಮ್ಮದಿ, ಅದೊಂದಕ್ಕೇ ಕಾಯುತ್ತಿದ್ದೇನೆ ಎಂದಿದ್ದೆ. ಆ ನೆಮ್ಮದಿ ನಿನಗೆ ಸಿಗಬಾರದು ಅನ್ನಿಸಿತು. ಇವತ್ತು ಸಮರ್ಥ ಪಿಂಡ ಇಟ್ಟು ಎಳ್ಳುನೀರು ಬಿಟ್ಟಾಗ ನನಗೆ ಅಳು ಬರಲಿಲ್ಲ, ಸಂತೋಷವಾಯಿತು. ಅಮ್ಮನ ತಿಥಿಯ ದಿನ ಹೀಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಸಂತೋಷವೇ ಹೆಚ್ಚು.

ನಾನು ಪ್ರಿನ್ಸ್‌ಟನ್ನಿನ ಆಫೀಸಿಗೆ ಹೋಗಿರುತ್ತೇನೆ, ಸಂಜೆವರೆಗೆ ಬರುವುದಿಲ್ಲ. ತಿಥಿಯ ಅಡುಗೆ ಮಾರನೆಯ ದಿನಕ್ಕೆ ಇಡುವ ಹಾಗಿಲ್ಲವಾದ್ದರಿಂದ ಮನೆಯಲ್ಲಿ ನಿನಗೇನೂ ಉಳಿದಿಲ್ಲ. ಹಸಿದಿರುತ್ತೀಯ. ಸ್ಟೇಷನ್ ಹತ್ತಿರ ಐಸೆಲಿನ್‌ನಲ್ಲಿ ಎಲ್ಲಾದರೂ ಇಡ್ಲಿ ತಿಂದು ಹೊರಡು. ಬಾಸ್ಟನ್ನಿಗೆ ಮಧ್ಯಾಹ್ನವೂ ರೈಲಿದೆ.

ಇಂತಿ,
ಅಮ್ಮನ ಮಗಳು
ತ್ರಿಪುರಸುಂದರಿ

ತಾ.ಕ.: ನೀನು ಕೇಳಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಭಾನುವಾರ ಅತ್ತಿಗೆ ಫೋನ್ ಮಾಡಿದ್ದರು. ಇಲ್ಲಿಯ ಪಂಚಾಂಗದಲ್ಲಿ ಪಂಚಮಿ ಸೋಮವಾರವೇ ಇರಬಹುದೇನೋ, ಪಾಪ, ನಿನ್ನಣ್ಣ ಆಸೆಪಟ್ಟುಕೊಂಡಿದ್ದಾರೆ, ಪುರೋಹಿತರನ್ನು ಒಂದು ಸಲ ಕೇಳಿಬಿಡು ಎಂದರು. ಕೇಳಿದ್ದೇನೆ ಅತ್ತಿಗೆ, ಮಂಗಳವಾರವೇ ಎಂದೆ. ಅವರನ್ನು ಬೈಯಬೇಡ. ನಾನು ಹೇಳಿದರೆ ಅವರು ನಂಬುತ್ತಾರೆ ಎಂದು ನನಗೆ ಗೊತ್ತಿತ್ತು.